ಶನಿಯ ತೂಕ

ಮಧ್ಯಾಹ್ನವನ್ನು ರಾತ್ರಿ ಮಾಡುವುದು ಬೃಂದಾಳ ಕೆಲಸವಾಗಿತ್ತು. ಶಾಲೆಯ ಹಜಾರದಲ್ಲಿ ಕಪ್ಪು ಬಟ್ಟೆಯ ಗುಡಾರವನ್ನು ಹರಡಿ ಫ್ಯಾನ್ ಹಾಕಿದರೆ ಅದು ಹತ್ತು ನಿಮಿಷದಲ್ಲಿ ಉಬ್ಬಿ, ಬೋರಲು ಹಾಕಿದ ಬಾಣಲೆಯಂತೆ ನಿಂತುಬಿಡುತ್ತಿತ್ತು. ಮಕ್ಕಳು ತಲೆ ತಗ್ಗಿಸಿ ಒಳಗೆ ತೂರಿ ಅಂಗಾತ ಮಲಗುವರು. ಹೊರಗೆ ಬಿಸಿಲು, ಬಿಸಿಯೂಟದ ತಟ್ಟೆಗಳ ಸದ್ದು. ಒಳಗೆ ತಣ್ಣನೆಯ ಕತ್ತಲು, ತಲೆಯ ಮೇಲೆ ಮೆಲ್ಲಗೆ ತಿರುಗುವ ನಕ್ಷತ್ರಗಳು. ಸಂಚಾರಿ ತಾರಾಲಯ ಎಂದು ಜೀಪಿನ ಮೇಲೆ ಬರೆದಿತ್ತು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದ ಗುಂಡ್ಲುಪೇಟೆಯ ಈ ಹುಡುಗಿ, ಡ್ರೈವರ್ ಶಿವಮಲ್ಲುವಿನ ಜೊತೆ ಎರಡು ವರ್ಷದಿಂದ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕಿನ ಶಾಲೆಗಳನ್ನೆಲ್ಲ ಸುತ್ತುತ್ತಿದ್ದಳು.

ಆಟ ಮುಗಿದ ಮೇಲೆ ಪ್ರಶ್ನೆಗಳು. ಎಲ್ಲ ಊರಿನಲ್ಲೂ ಅವೇ. ಪ್ಲೂಟೋನ ಯಾಕೆ ತೆಗೆದುಹಾಕಿದರು? ಎಲ್ಲಕ್ಕಿಂತ ಬಿಸಿಯಾದ ಗ್ರಹ ಯಾವುದು? ಗುರು ಗ್ರಹದ ಮೇಲೆ ನಿಲ್ಲಬಹುದಾ? ಮಂಗಳ ಯಾಕೆ ಕೆಂಪು? ಮೊದಮೊದಲು ಬೃಂದಾ ಒಂದೊಂದಕ್ಕೂ ಕೂತು ಉತ್ತರ ಹೇಳುತ್ತಿದ್ದಳು. ಈಗೀಗ ಬಸ್ಸಿನ ಕಂಡಕ್ಟರ್ ನಿಲ್ದಾಣದ ಹೆಸರು ಕೂಗುವಂತೆ ಉತ್ತರಗಳು ತಾವಾಗಿಯೇ ಬಾಯಿಂದ ಬರುತ್ತಿದ್ದವು. ಹರದನಹಳ್ಳಿಯಲ್ಲಿ ಒಂದು ಮಗು ಎದ್ದು ನಿಂತು "ಮಿಸ್, ಮಂಗಳದಲ್ಲಿ ಮಣ್ಣು..." ಎಂದಷ್ಟಕ್ಕೆ ಅವಳು "ತುಕ್ಕು, ಕಬ್ಬಿಣದ ತುಕ್ಕು, ಅದಕ್ಕೇ ಕೆಂಪು" ಎಂದು ಹೇಳಿ ಮುಂದಿನವರ ಕಡೆ ತಿರುಗಿದ್ದಳು. ಅಲ್ಲಿ ಮಳೆ ಬಿದ್ದರೆ ಮಣ್ಣಿನ ವಾಸನೆ ನಮ್ಮೂರಿನ ಹಾಗೇ ಬರುತ್ತದಾ ಎಂದು ಆ ಮಗು ಕೇಳಬೇಕೆಂದಿತ್ತಂತೆ. ಜೀಪಿಗೆ ಸಾಮಾನು ಏರಿಸುವಾಗ ಮೇಷ್ಟರು ನಗುತ್ತಾ ಹೇಳಿದರು. ಬೃಂದಾಳಿಗೆ ನಗು ಬರಲಿಲ್ಲ. ವಾರವೆಲ್ಲ ಆ ವಾಸನೆ ಅವಳನ್ನು ಬಿಡಲಿಲ್ಲ.

ಆಷಾಢದ ಒಂದು ಶುಕ್ರವಾರ ಅವರು ಹರವೆಯಲ್ಲಿದ್ದರು. ಮಕ್ಕಳ ಸರದಿ ಮುಗಿದ ಮೇಲೆ ಊರಿನವರಿಗೂ ಒಂದು ಆಟ ತೋರಿಸಿ ಎಂದು ಹೆಡ್‌ಮಾಸ್ಟರು ಕೇಳಿದ್ದರು. ಬಂದವರು ಮೂವತ್ತು ಜನ. ಕೊನೆಯಲ್ಲಿ ಎಪ್ಪತ್ತರ ಹತ್ತಿರದ ಯಜಮಾನರೊಬ್ಬರನ್ನು ಅವರ ಹೆಂಡತಿ ಕೈ ಹಿಡಿದು ಕರೆತಂದರು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಣ್ಣಿಗೆ ಕಪ್ಪು ಕನ್ನಡಕ. ಅವರಿಗೆ ಕಣ್ಣು ಕಾಣದೆಂದು ಬೃಂದಾಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

"ನೀವು ಈಚೆ ಜಗಲಿ ಮೇಲೆ ಕೂತಿರಿ. ನಾನು ನೋಡ್ಕಂಡ್ ಬತ್ತೀನಿ," ಎಂದರು ಹೆಂಡತಿ.

"ಒಳಗೆ ತಣ್ಣಗದೆ ಅಂತಾರಲ್ಲ, ನಾನೂ ಬತ್ತೀನಿ ಬುಡು," ಎಂದರು ಅವರು.

ಇಬ್ಬರೂ ಒಳಗೆ ಬಂದು ಚಾಪೆಯ ಮೇಲೆ ಕೂತರು. ಬೃಂದಾ ಗ್ರಹಗಳನ್ನು ಒಂದೊಂದಾಗಿ ತೋರಿಸಿದಳು. ಉಂಗುರ ಹೊತ್ತ ಶನಿ ಗುಡಾರದ ತುಂಬ ಬಂದು ನಿಂತಾಗ ಜನರೆಲ್ಲ ಉಸಿರೆಳೆದುಕೊಂಡರು. ಆ ಸದ್ದು ಬಂದ ಕಡೆಗೆ ಯಜಮಾನರೂ ಮುಖ ಎತ್ತಿದರು.

ಪ್ರಶ್ನೆಗಳು ಬಂದವು. ಪ್ಲೂಟೋ, ಮಂಗಳ, ಗುರು. ಅವಳು ಹೇಳುತ್ತಾ ಹೋದಳು. ಆಮೇಲೆ ಕತ್ತಲಿನಿಂದ ಆ ಯಜಮಾನರ ದನಿ ಬಂತು.

"ಶನಿ ತೂಕ ಎಷ್ಟವ್ವ?"

ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಆದರೂ ಉತ್ತರ ಗೊತ್ತಿತ್ತು. "ಭೂಮಿಯ ತೊಂಬತ್ತೈದರಷ್ಟು," ಎಂದಳು.

"ಭೂಮಿಯ ನಾನು ಎತ್ತಿ ನೋಡಿಲ್ವಲ್ಲ," ಎಂದರು ಅವರು. ಜನ ನಕ್ಕರು. ಅವರು ತಮಾಷೆಗೆ ಹೇಳಿರಲಿಲ್ಲ. "ನನ್ನ ಎಗಲ್ಮೇಲೆ ಶನಿ ಏರವ್ನೆ ಅಂತ ಶಾಸ್ತ್ರದೋರು ಏಳವ್ರೆ. ಒತ್ಕಂಡೋನ್ಗೆ ತೂಕ ಗೊತ್ತಿರ್ಬೇಕಲ್ವಾ? ಅದ್ಕೆ ಕೇಳ್ದೆ."

"ಸುಮ್ನಿರಿ," ಎಂದು ಹೆಂಡತಿ ಮೆಲ್ಲಗೆ ಹೇಳಿದ್ದು ಕೇಳಿಸಿತು.

ಬೃಂದಾ ಮೇಲೆ ನೋಡಿದಳು. ತಲೆಯ ಮೇಲೆ ಶನಿ ತಿರುಗುತ್ತಲೇ ಇದ್ದ. ಅವನನ್ನು ಅಲ್ಲಿದ್ದ ಎಲ್ಲರಿಗೂ ತೋರಿಸಬಹುದಿತ್ತು, ಕೇಳಿದ ಒಬ್ಬರಿಗೆ ಮಾತ್ರ ತೋರಿಸುವ ಹಾಗಿರಲಿಲ್ಲ.

ಹೊರಗೆ ಬಂದ ಮೇಲೆ ಹೆಂಡತಿ, ಕರಿಬಸಮ್ಮ, ಅವಳನ್ನು ಪಕ್ಕಕ್ಕೆ ಕರೆದು ಕ್ಷಮಿಸಿ ಎಂಬಂತೆ ಮಾತಾಡಿದರು. ಯಜಮಾನರ ಹೆಸರು ಪುಟ್ಟಮಲ್ಲಪ್ಪ. ನಲವತ್ತು ವರ್ಷ ಅರಿಶಿನದ ವ್ಯಾಪಾರ ಮಾಡಿದವರು. ಅರಿಶಿನದ ಕೊಂಬನ್ನು ಮುರಿದರೆ ಬರುವ ಸದ್ದಿನಲ್ಲೇ ಅದು ಯಾವ ಹೊಲದ್ದು, ಎಷ್ಟು ಒಣಗಿದೆ ಎಂದು ಹೇಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ಕಣ್ಣು ಮಂಜಾಗತೊಡಗಿತು. ನರ ಒಣಗಿದೆ, ಇನ್ನು ಬರುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದರು. ಜಾತಕ ನೋಡಿದವರು ಶನಿ ಎಂದರು. ಕರಿಬಸಮ್ಮ ಪ್ರತಿ ಶನಿವಾರ ಎಳ್ಳೆಣ್ಣೆ ದೀಪ ಹಚ್ಚುತ್ತಿದ್ದಾರೆ.

"ದೀಪ ಹಚ್ಚಾದು ನಂಗೆ ಕಷ್ಟ ಅಲ್ಲ ಕಣವ್ವ. ಇವ್ರು ಮನೆಯಿಂದ ಈಚೆಗೇ ಬರಾಕಿಲ್ಲ. ಮಗ ಸೋಮೇಶ ಮಂಡಿ ನೋಡ್ಕತಾನೆ, ಸೊಸೆ ಒಳ್ಳೇಳು, ಏನೂ ಕಮ್ಮಿ ಇಲ್ಲ. ಆದ್ರೆ ಇವ್ರು ಅಟ್ಟಕ್ಕೆ ಎಸೆದ ಮೂಟೆ ಅಂಗೆ ಕೂತವ್ರೆ. ಇವತ್ತು ಈಚೆಗೆ ಬಂದದ್ದೇ ಎಷ್ಟೋ ತಿಂಗ್ಳ ಮೇಲೆ."

ಗುಂಡ್ಲುಪೇಟೆಗೆ ಹಿಂದಿರುಗುವ ದಾರಿಯುದ್ದಕ್ಕೂ ಬೃಂದಾ ಕಿಟಕಿಯಾಚೆ ನೋಡುತ್ತಿದ್ದಳು. ಚೆಂಡು ಹೂವಿನ ಹೊಲಗಳು, ಸೂರ್ಯಕಾಂತಿ, ಫೋಟೋ ತೆಗೆಸಿಕೊಳ್ಳಲು ಕಾರು ನಿಲ್ಲಿಸಿದ ಕೇರಳದವರು. ಅವಳ ಅವ್ವ ಮಹಾಲಕ್ಷ್ಮಮ್ಮ ಅಂಥದೇ ಒಂದು ಹೊಲದಲ್ಲಿ ಹೂ ಬಿಡಿಸುವ ಕೂಲಿ ಮಾಡುತ್ತಿದ್ದಳು. ಸಂಜೆ ಅವ್ವ ಅಡುಗೆಗೆ ಕೂತಾಗ ಬೃಂದಾ ಮಗ್ಗುಲಲ್ಲಿ ನೆಲದ ಮೇಲೆ ಕಾಗದ ಹರಡಿಕೊಂಡು ಲೆಕ್ಕ ಹಾಕಿದಳು. ಸೂರ್ಯನನ್ನು ಒಂದು ಮೀಟರ್ ಅಗಲಕ್ಕೆ ಕುಗ್ಗಿಸಿದರೆ ಉಳಿದವು ಎಷ್ಟೆಷ್ಟಾಗುತ್ತವೆ, ಎಷ್ಟೆಷ್ಟು ದೂರಕ್ಕೆ ಹೋಗುತ್ತವೆ ಎಂಬ ಲೆಕ್ಕ.

"ಅವ್ವ, ಮೂರೂವರೆ ಮಿಲಿಮೀಟರ್ ಕಾಳು ಯಾವುದದೆ?"

"ಮಿಲಿಮೀಟರ್ ಗೊತ್ತಿಲ್ಲ. ಏನು ಬೇಕು ಏಳು."

ಅವ್ವ ಡಬ್ಬಗಳನ್ನು ಒಂದೊಂದಾಗಿ ಇಳಿಸಿದಳು. ಬುಧನಿಗೆ ಕೊತ್ತಂಬರಿ ಬೀಜ ಸರಿಹೋಯಿತು. ಮಂಗಳಕ್ಕೆ ಮೆಣಸಿನ ಕಾಳು. ನಮ್ಮ ಚಂದ್ರನಿಗೆ ಸಾಸಿವೆ. ಪ್ಲೂಟೋಗೆ ರಾಗಿ. ಯುರೇನಸ್, ನೆಪ್ಚೂನ್ ಎರಡಕ್ಕೂ ಸಣ್ಣ ನಿಂಬೆಹಣ್ಣು. ಗುರುವಿಗೆ ಸುಲಿದ ತೆಂಗಿನಕಾಯಿ. ಅಳತೆ ಸರಿ ಬಂದಾಗಲೆಲ್ಲ ಅವ್ವನೇ ಹೆಚ್ಚು ಸಂತೋಷಪಟ್ಟಳು. ಭೂಮಿ, ಶುಕ್ರ ಎರಡೂ ಕಡಲೆಕಾಳಿನ ಗಾತ್ರ, ಆದರೆ ಕಡಲೆಕಾಳು ತೀರಾ ಹಗುರ. ಮಾರನೆಯ ದಿನ ಶಿವಮಲ್ಲು ಗ್ಯಾರೇಜಿನಿಂದ ಎರಡು ಬೇರಿಂಗ್ ಗುಂಡು ತಂದುಕೊಟ್ಟ.

ಶನಿ ಉಳಿದ. ಎಂಟೂವರೆ ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ, ತೂಕ ಇನ್ನೂರ ಹದಿಮೂರು ಗ್ರಾಂ. ತೂಗಿ ಪಳಗಿದ ಕೈಗೆ ಕೊಡುವಾಗ ತೂಕ ತಪ್ಪಬಾರದು. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಮಂಚದ ಕಾಲು ಕಡೆಯುವ ಕಿರಣ್ ಕುಮಾರನ ಬಳಿ ಅವಳು ಮೂರು ದಿನ ಓಡಾಡಿದಳು. ತೇಗ ಭಾರವಾಯಿತು. ಮಾವು ಹಗುರವಾಯಿತು. ಕೊನೆಗೆ ಹಳೆಯ ಹಲಸಿನ ತೊಲೆಯ ತುಂಡೊಂದನ್ನು ಅವನು ಲೇತಿಗೆ ಹಾಕಿದ. ಹಳದಿ ಹೊಟ್ಟು ಹಾರಿ ಅವಳ ಕೂದಲಿನ ಮೇಲೆ ಕೂತಿತು. ಪಕ್ಕದ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಎರಡು ಗ್ರಾಂ ಹೆಚ್ಚು. ಅವನು ಉಪ್ಪು ಕಾಗದದಲ್ಲಿ ಉಜ್ಜಿ ಉಜ್ಜಿ ಸರಿ ಮಾಡಿದ.

"ಯಾವ ದೇವ್ರಿಗೆ ಇದು?" ಎಂದು ಕೇಳಿದ.

"ಶನಿ," ಎಂದಳು.

ಅವನು ಕೈ ಒರೆಸಿಕೊಂಡು ದುಡ್ಡು ಬೇಡ ಎಂದುಬಿಟ್ಟ.

ಮುಂದಿನ ವಾರದ ಭಾನುವಾರ ಬೆಳಗ್ಗೆ ಆರಕ್ಕೆ ಜೀಪು ಹರವೆಯಲ್ಲಿ ಪುಟ್ಟಮಲ್ಲಪ್ಪನವರ ಮನೆಯ ಮುಂದೆ ನಿಂತಿತು. ಹಿಂದಿನ ದಿನ ಫೋನಿನಲ್ಲಿ ಹೇಳಿದ್ದರೂ ಅವರು ನಂಬಿರಲಿಲ್ಲ. "ಶನಿಯ ತಂದಿದ್ದೀನಿ ತಾತ. ಆದರೆ ಅವನು ಸ್ವಲ್ಪ ದೂರದಲ್ಲಿದಾನೆ. ನಡೆದು ಹೋಗಬೇಕು," ಎಂದಳು ಬೃಂದಾ.

"ಎಷ್ಟು ದೂರ?"

"ಒಂದು ಕಿಲೋಮೀಟರ್. ಮೊದಲು ನಿಮ್ಮ ಮನೆಯಲ್ಲಿ ಒಂದು ಮೀಟರ್ ಅಗಲದ್ದು ಏನಾದರೂ ಇದ್ದರೆ ಕೊಡಿ."

ಅವರು ಯೋಚಿಸಿ ಹಿತ್ತಲಿನ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಅರಿಶಿನ ಬೇಯಿಸುವ ಕೊಪ್ಪರಿಗೆ ಇತ್ತು. ಸುಗ್ಗಿ ಮುಗಿದು ಮೂಲೆಯಲ್ಲಿ ಒರಗಿಸಿದ್ದರು. ಪುಟ್ಟಮಲ್ಲಪ್ಪ ಎರಡೂ ತೋಳು ಚಾಚಿ ಅದರ ಬಾಯಿಯನ್ನು ತಬ್ಬಿದರು. ಒಳಗೆ ಇನ್ನೂ ಅರಿಶಿನದ ವಾಸನೆ ಇತ್ತು.

"ಇದು ಸೂರ್ಯ," ಎಂದಳು ಬೃಂದಾ.

"ಆಗ್ಲಿ," ಎಂದರು ಅವರು. "ಇದ್ರ ಬಿಸಿ ನಂಗೆ ಗೊತ್ತು."

ಅವರು ಹೊರಟರು. ಪುಟ್ಟಮಲ್ಲಪ್ಪ ಬೃಂದಾಳ ಮೊಣಕೈ ಹಿಡಿದಿದ್ದರು. ಕರಿಬಸಮ್ಮ ಹಿಂದೆ. ಇರುಳೆಲ್ಲ ಹಿಡಿದಿದ್ದ ಸೋನೆ ಈಗ ಬಿಟ್ಟಿತ್ತು. ಹೊಲಗಳ ಮೇಲೆ ಮಂಜು ಮಲಗಿತ್ತು, ಊರಿನ ಕೊನೆಯ ಮನೆಗಳು ಅದರಲ್ಲಿ ಅರ್ಧ ಕರಗಿದ್ದವು. ನಲವತ್ತೆರಡು ಮೀಟರಿಗೆ ಕೊತ್ತಂಬರಿ ಬೀಜ. ಅವರು ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿದರು. ಇನ್ನಷ್ಟು ದೂರಕ್ಕೆ ಶುಕ್ರ. ನೂರೇಳು ಮೀಟರಿಗೆ, ಪಂಚಾಯ್ತಿಯ ನೀರಿನ ತೊಟ್ಟಿಯ ಬಳಿ, ಭೂಮಿ. ಬೃಂದಾ ಅವರ ಅಂಗೈಯಲ್ಲಿ ಬೇರಿಂಗ್ ಗುಂಡನ್ನಿಟ್ಟು, ಅಲ್ಲಿಂದ ಒಂದು ಗೇಣಿಗಿಂತ ತುಸು ಹೆಚ್ಚು ದೂರಕ್ಕೆ, ಅವರ ಮುಂಗೈಯ ಮೇಲೆ, ಸಾಸಿವೆ ಕಾಳನ್ನು ಇಟ್ಟಳು.

"ಇದು ಚಂದ್ರ. ಮನುಷ್ಯ ಇಲ್ಲೀವರೆಗೆ ಹೋಗಿರೋದು ಇಷ್ಟೇ ದೂರ."

"ಇಷ್ಟಾ?" ಅವರು ಇನ್ನೊಂದು ಕೈಯಿಂದ ಆ ದೂರವನ್ನು ಮುಟ್ಟಿ ನೋಡಿದರು. "ಇಷ್ಟಕ್ಕೆ ಅಷ್ಟೊಂದು ಸುದ್ದಿ ಮಾಡಿದ್ರು. ಆಗ ನಾನು ಮಿಡ್ಲ್ ಸ್ಕೂಲು. ರೇಡಿಯೋ ಮುಂದೆ ಊರೇ ಕೂತಿತ್ತು."

ಮೆಣಸಿನ ಕಾಳಿನ ಮಂಗಳ ದಾಟಿದ ಮೇಲೆ ಏನೂ ಇರಲಿಲ್ಲ. ಅವರು ನಡೆದರು. ಮತ್ತೂ ನಡೆದರು. ಕೆಂಪು ಮಣ್ಣಿನ ದಾರಿ ಎರಡೂ ಕಡೆಯ ಅರಿಶಿನದ ಎಳೆ ಗಿಡಗಳ ನಡುವೆ ಹೋಗುತ್ತಿತ್ತು. ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಪುಟ್ಟಮಲ್ಲಪ್ಪನವರಿಗೆ ಕೇಳಿಸುತ್ತಿತ್ತು. ಎಲ್ಲೋ ದೂರದಲ್ಲಿ ಯಾರೋ ದನ ಹೊಡೆಯುತ್ತಿದ್ದರು.

"ಇಲ್ಲಿ ಯಾರೂ ಇಲ್ವಾ?"

"ಸಣ್ಣ ಸಣ್ಣ ಕಲ್ಲುಗಳಿವೆ ತಾತ. ಎಲ್ಲ ಸೇರಿಸಿದರೂ ಆ ಸಾಸಿವೆ ಕಾಳಿನಷ್ಟು ಆಗಲ್ಲ. ಅದನ್ನು ಪುಡಿ ಮಾಡಿ ಈ ಹೊಲಗಳ ಮೇಲೆಲ್ಲ ಎರಚಿದ ಹಾಗೆ."

"ಅಂಗಾರೆ ಬರೀ ಬಯಲು."

"ಬರೀ ಬಯಲು."

ಅವರು ಆ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತಾ ನಡೆದರು. ಅವರ ಹೆಜ್ಜೆ ಬದಲಾದದ್ದು ಬೃಂದಾಳಿಗೆ ತಿಳಿಯಿತು. ಮೊದಲು ಕಾಲಿಟ್ಟು ನೆಲ ಗಟ್ಟಿಯಿದೆಯೇ ಎಂದು ನೋಡಿ ಇನ್ನೊಂದು ಕಾಲು ಎತ್ತುತ್ತಿದ್ದರು. ಈಗ ಸುಮ್ಮನೆ ನಡೆಯುತ್ತಿದ್ದರು. ಮೊಣಕೈ ಹಿಡಿದ ಕೈ ಸಡಿಲವಾಗಿತ್ತು. ಹುಣಿಸೆ ಮರದ ಕೆಳಗೆ ತೆಂಗಿನಕಾಯಿ ಕೊಟ್ಟಾಗ ಅವರು ಅದನ್ನು ಕಿವಿಯ ಬಳಿ ಅಲ್ಲಾಡಿಸಿ, "ಗುರು ಒಳ್ಳೆ ಬಲಿತವ್ನೆ," ಎಂದರು. ಕರಿಬಸಮ್ಮನೂ ನಕ್ಕರು.

ಒಂದು ಕಿಲೋಮೀಟರಿಗೆ ಕೆರೆ ಏರಿ ಸಿಕ್ಕಿತು. ಅಲ್ಲಿ ಜೀಪಿನಲ್ಲಿ ಮೊದಲೇ ಬಂದಿದ್ದ ಶಿವಮಲ್ಲು ಬಟ್ಟೆ ಸುತ್ತಿದ ಗುಂಡು ಹಿಡಿದು ಕಾಯುತ್ತಿದ್ದ. ಕರಿಬಸಮ್ಮ ಚಪ್ಪಲಿ ಬಿಟ್ಟು ದೂರ ನಿಂತರು. ಅವರ ಮುಖದಲ್ಲಿ ಭಯವಿತ್ತು.

"ಮುಟ್ಬೋದಾ ಅವ್ವ? ಏನೂ ಆಗಾಕಿಲ್ವಾ?"

"ಮರ ಅಜ್ಜಿ. ಹಲಸಿನ ಮರ," ಎಂದಳು ಬೃಂದಾ.

ಪುಟ್ಟಮಲ್ಲಪ್ಪ ಎರಡೂ ಕೈ ಒಡ್ಡಿದರು. ಗುಂಡು ಕೈಗೆ ಬಂದಾಗ ಅವರು ಮೊದಲು ಅದನ್ನು ಮೂಸಿದರು. ಆಮೇಲೆ ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಾಯಿಸಿದರು. ಅವರ ಮೊಣಕೈ ತುಸು ಮೇಲೇರಿ ಕೆಳಗಿಳಿದು ನಿಂತಿತು. ನಲವತ್ತು ವರ್ಷ ತೂಗಿದ ಕೈ ಅದು.

"ಇನ್ನೂರ ಹತ್ತು ಗ್ರಾಂ," ಎಂದರು. "ಒಂದೆರಡು ಅತ್ಲಗೆ ಇತ್ಲಗೆ."

"ಇನ್ನೂರ ಹದಿಮೂರು."

"ಮೂರು ಬುಟ್ಬುಟ್ಟೆ." ಅವರು ಮತ್ತೆ ತೂಗಿದರು. "ಇಷ್ಟೇಯಾ ಇವ್ನು?"

"ಭೂಮಿಯ ಪಕ್ಕ ಇಟ್ಟರೆ ತೂಕ ತೊಂಬತ್ತೈದು ಪಟ್ಟು. ಆದರೆ ಗಾತ್ರ ಏಳುನೂರು ಪಟ್ಟಿಗೂ ಮೇಲೆ. ಗಾತ್ರಕ್ಕೆ ತಕ್ಕ ತೂಕ ಇಲ್ಲ ತಾತ. ಬಹುಪಾಲು ಬರೀ ಅನಿಲ. ಗ್ರಹಗಳಲ್ಲೆಲ್ಲ ಗಾತ್ರಕ್ಕೆ ಹಗುರ ಅಂದರೆ ಇವನೇ. ನೀರಿಗಿಂತ ಹಗುರ."

"ಅಂದ್ರೆ ತೇಲ್ತಾನೆ."

"ಅಷ್ಟು ದೊಡ್ಡ ಕೆರೆ ಸಿಕ್ಕಿದರೆ ತೇಲುತ್ತಾನೆ."

ಉಂಗುರವೆಂದು ಅವಳು ಕ್ಯಾಲೆಂಡರಿನ ಹಾಳೆಯಲ್ಲಿ ಕತ್ತರಿಸಿದ್ದ ಬಳೆಯನ್ನು ಅವರು ಬೆರಳ ತುದಿಯಲ್ಲಿ ಸವರಿದರು. ನಿಜವಾದ್ದು ಈ ಅಳತೆಗೆ ಈರುಳ್ಳಿ ಸಿಪ್ಪೆಗಿಂತಲೂ ಎಷ್ಟೋ ತೆಳು ಎಂದು ಅವಳು ಹೇಳಿದಳು. ಅವರು ಅದನ್ನು ಹಿಂದಕ್ಕೆ ಕೊಟ್ಟು, "ನನ್ನ ನೀರ ತಾವಕ್ಕೆ ಕರ್ಕಂಡೋಗು," ಎಂದರು.

ಕೆರೆಗೆ ಇಳಿಯುವ ಮೆಟ್ಟಿಲಲ್ಲಿ ಅವರು ಕೂತು ಪಂಚೆ ಮೇಲೆ ಕಟ್ಟಿ ಗುಂಡನ್ನು ನೀರಿಗೆ ಬಿಟ್ಟರು. ಅದು ತೇಲಿತು. ಅವರು ಅಂಗೈಯಿಂದ ಅದನ್ನು ಒತ್ತಿದರು. ನೀರಿನೊಳಗೆ ಹೋದದ್ದು ಅವರ ಅಂಗೈಯನ್ನು ಕೆಳಗಿನಿಂದ ಮೆಲ್ಲಗೆ ಮೇಲಕ್ಕೆ ತಳ್ಳಿತು. ಕೈ ತೆಗೆದರೆ ಗುಳುಕ್ ಎಂದು ಎದ್ದು ನಿಂತಿತು. ಮತ್ತೆ ಒತ್ತಿದರು. ಮತ್ತೆ ಎದ್ದಿತು. ಏಳೆಂಟು ಸಲ ಹಾಗೆ ಮಾಡಿದರು. ಮಂಜು ನೀರಿನ ಮೇಲೆ ಸರಿದಾಡುತ್ತಿತ್ತು. ದಡ ಯಾವುದು, ಕೆರೆ ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿದ್ದವರಿಗೂ ಆಗ ತಿಳಿಯುವಂತಿರಲಿಲ್ಲ. ಆ ಹಲಸಿನ ಗುಂಡು ಯಾವ ಅವಸರವೂ ಇಲ್ಲದೆ ಅವರ ಕೈಯ ಸುತ್ತ ತಿರುಗುತ್ತಿತ್ತು.

"ಏನ್ರಿ?" ಎಂದರು ಕರಿಬಸಮ್ಮ.

"ಏನಿಲ್ಲ ಕಣೆ." ಅವರ ದನಿ ಎಂದಿನಂತೆಯೇ ಇತ್ತು. "ಜೀವಮಾನ್ವೆಲ್ಲ ತೂಗ್ದೆ ಒಂದು ಕೊಂಬ್ನೂ ತಗಂಡೋನಲ್ಲ ನಾನು. ಇದ್ನ ಮಾತ್ರ ಯಾರೋ ಏಳಿದ್ರು ಅಂತ ಎಗಲ್ಮೇಲೆ ಆಕ್ಕಂಡು ನಾಕು ವರ್ಸ ಕೂತ್ಬುಟ್ಟೆ."

ಕರಿಬಸಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ದೀಪ ನಾನು ಬುಡಾಕಿಲ್ಲ," ಎಂದರು.

"ಹಚ್ಚು. ದೀಪ ಏನ್ಮಾಡ್ತದೆ, ಮನೆ ಬೆಳಕಾಯ್ತದೆ." ಅವರು ಎದ್ದು ಕೈ ಒದರಿದರು. "ಇವ್ನಾದ್ಮೇಲೆ ಯಾರವ್ವ?"

"ಯುರೇನಸ್. ಆಮೇಲೆ ನೆಪ್ಚೂನ್. ಇನ್ನೂ ಎರಡು ಕಿಲೋಮೀಟರಿಗೂ ಮೇಲೆ ಆಗುತ್ತೆ ತಾತ. ಜೀಪಿನಲ್ಲಿ ಹೋಗೋಣ."

"ನಡ್ಕಂಡೇ ಓಗನ."

ಕರಿಬಸಮ್ಮನಿಗೆ ಮಂಡಿ ನೋವು. ಅವರನ್ನು ಮನೆಗೆ ಬಿಟ್ಟು ಬಳಸು ದಾರಿಯಲ್ಲಿ ಮುಂದೆ ಬಂದು ಕಾಯುವೆನೆಂದು ಶಿವಮಲ್ಲು ಜೀಪು ತಿರುಗಿಸಿದ. ಏರಿಯ ಮೇಲೆ ಇವರಿಬ್ಬರೇ ಉಳಿದರು.

ಯುರೇನಸ್ಸಿನ ನಿಂಬೆಹಣ್ಣು ಅವರ ಕೈಗೆ ಬಂತು. ಆಮೇಲೆ ಪುಟ್ಟಮಲ್ಲಪ್ಪ ಒಂದೊಂದೇ ಕೇಳತೊಡಗಿದರು. ಬೃಂದಾ ಎರಡು ವರ್ಷದಿಂದ ಕೇಳಿ ದಣಿದಿದ್ದ ಪ್ರಶ್ನೆಗಳೇ. ಪ್ಲೂಟೋನ ಯಾಕೆ ಲೆಕ್ಕದಿಂದ ಬಿಟ್ಟರು? ಬುಧ ಸೂರ್ಯನಿಗೆ ಹತ್ತಿರವಿದ್ದರೂ ಶುಕ್ರನೇ ಯಾಕೆ ಹೆಚ್ಚು ಬಿಸಿ? ಈ ಸಲ ಅವಳು ನಡೆಯುತ್ತಾ ನಿಧಾನವಾಗಿ ಹೇಳಿದಳು. ಶುಕ್ರನ ಮೋಡದ ಕಂಬಳಿಯ ವಿಷಯ ಹೇಳುವಾಗ ಅವರು ನಿಂತು, "ಮುಚ್ಚಳ ಹಾಕಿ ಬೇಯಿಸ್ದಂಗೆ," ಎಂದರು. ಅಷ್ಟು ಚೆನ್ನಾಗಿ ಅದನ್ನು ಅವಳು ಎಂದೂ ಹೇಳಿರಲಿಲ್ಲ. ಶುಕ್ರನಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ಉದ್ದ ಎಂದಾಗ ಅವರು ಹೇಳಿದರು: "ಅಂಥಾ ದಿನ ಇಲ್ಲೂ ಅವೆ ಕಣವ್ವ."

ಮೂರು ಕಿಲೋಮೀಟರ್ ದಾಟಿ ಎರಡನೆಯ ನಿಂಬೆಹಣ್ಣನ್ನು ಅವರ ಕೈಗೆ ಕೊಟ್ಟಾಗ ಗಂಟೆ ಎಂಟೂಕಾಲು. ಮನೆ ಬಿಟ್ಟು ಒಂದೂಮುಕ್ಕಾಲು ತಾಸಾಗಿತ್ತು. ಒಂದು ಕಲ್ಲಿನ ಮೇಲೆ ಇಬ್ಬರೂ ಕೂತರು. ಮಂಜು ಕರಗಿ ಬಿಸಿಲು ಬಂದಿತ್ತು.

"ತಾತ, ಒಂದು ವಿಷಯ ಹೇಳಲಾ? ನಾವು ಎಲ್ಲಾನೂ ಕುಗ್ಗಿಸಿದ್ದೀವಲ್ಲ, ಬೆಳಕಿನ ಓಟಾನೂ ಕುಗ್ಗಿಸಿದರೆ ಅದು ಒಂದು ಸೆಕೆಂಡಿಗೆ ಒಂದು ಗೇಣು ಹೋಗುತ್ತೆ. ನಮ್ಮ ಜೊತೆ ಕೊಪ್ಪರಿಗೆಯಿಂದ ಹೊರಟ ಬೆಳಕು ಈಗ ಎಲ್ಲಿದೆ ಗೊತ್ತಾ? ಕೆರೆ ಏರಿ ದಾಟಿ ಒಂದೂವರೆ ಫರ್ಲಾಂಗು ಬಂದಿರಬಹುದು. ಅಷ್ಟೇ."

ಪುಟ್ಟಮಲ್ಲಪ್ಪ ಬಂದ ದಾರಿಯ ಕಡೆ ಮುಖ ತಿರುಗಿಸಿದರು.

"ನಾವು ಅದ್ನ ಇಂದೆ ಆಕ್ಬುಟ್ವಾ?"

"ಹೂಂ."

"ಅಂದ್ರೆ ಇಲ್ಲಿ ಕೂತೋರು ಯಾರಾದ್ರೂ ಆಗ್ಲಿ, ಬೆಳಕು ಬರೋಗಂಟ ಕಾಯ್ಬೇಕು."

"ಕಾಯಬೇಕು ತಾತ. ಎರಡು ತಾಸಿಗೂ ಮೇಲೆ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಏನೂ ಕಾಣದ ಕಣ್ಣುಗಳು ಬಿಸಿಲಿನಲ್ಲಿ ತೆರೆದೇ ಇದ್ದವು. "ಕಾಯನ ಬುಡು. ಅವಸರ ಏನದೆ," ಎಂದರು. ನಿಜವಾಗಿಯೂ ಅವರು ಎದ್ದು ಹೊರಡಲಿಲ್ಲ. ಶಿವಮಲ್ಲು ತಟ್ಟೆಯಲ್ಲಿ ಉಪ್ಪಿಟ್ಟು ಮುಚ್ಚಿಕೊಂಡು ಬಂದ. ಮೂವರೂ ಅಲ್ಲೇ ತಿಂದರು. ಬೃಂದಾ ಕಲ್ಲಿಗೆ ಒರಗಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನೊಳಗೆ, ಅರಿಶಿನದ ಎಳೆ ಎಲೆಗಳ ನಡುವಿನ ಕೆಂಪು ದಾರಿಯಲ್ಲಿ, ಒಂದೊಂದೇ ಗೇಣು ಅಳೆಯುತ್ತಾ ಬರುವ ಬೆಳಕು ಅವಳಿಗೆ ಕಂಡಿತು. ಅದು ಎಲ್ಲೂ ನಿಲ್ಲುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಅವಳಿಗೆ ಎಚ್ಚರವಾದಾಗ ಪುಟ್ಟಮಲ್ಲಪ್ಪ ಶಿವಮಲ್ಲುವಿಗೆ ಗುರು ಗ್ರಹದ ಮೇಲೆ ಯಾಕೆ ನಿಲ್ಲಲಾಗುವುದಿಲ್ಲ ಎಂದು ವಿವರಿಸುತ್ತಿದ್ದರು.

ಪ್ಲೂಟೋದ ರಾಗಿ ಕಾಳು ಇನ್ನೂ ಒಂದು ಕಿಲೋಮೀಟರ್ ಆಚೆ. ಅಷ್ಟು ದೂರ ಅವರು ಹೋಗಲಿಲ್ಲ. ಪುಟ್ಟಮಲ್ಲಪ್ಪನವರ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.

ಅವರಿಗೆ ಕಣ್ಣು ಬರಲಿಲ್ಲ. ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದು ನಿಜವೇ ಆಗಿತ್ತು. ಆದರೆ ಮಾರನೆಯ ದಿನದಿಂದ ಅವರು ಕೋಲು ಹಿಡಿದು ಕೆರೆ ಏರಿಯ ತನಕ ಹೋಗಿಬರತೊಡಗಿದರು. ಕರಿಬಸಮ್ಮ ಮೊದಲು ಹಿಂದಿಂದೆ ಹೋದರು, ಆಮೇಲೆ ಬಿಟ್ಟರು. ಕಾರ್ತಿಕದ ಹೊತ್ತಿಗೆ ಪುಟ್ಟಮಲ್ಲಪ್ಪ ಮಗ ಸೋಮೇಶನ ಬೈಕಿನ ಹಿಂದೆ ಕೂತು ಚಾಮರಾಜನಗರದ ಮಂಡಿಗೆ ಹೋದರು. ಹೊಸ ಅರಿಶಿನ ಬಂದ ಮೇಲೆ ವಾರಕ್ಕೆರಡು ದಿನ ಅಲ್ಲೇ ಇರುತ್ತಿದ್ದರು. ಕೊಂಬು ಮುರಿದು ಕಿವಿಗೊಟ್ಟು ದರ್ಜೆ ಹೇಳುತ್ತಿದ್ದರು. ಅವರು ಹೇಳಿದ್ದು ತಪ್ಪುತ್ತಿರಲಿಲ್ಲವಾದ್ದರಿಂದ ಬೇರೆ ಮಂಡಿಯವರೂ ಕರೆಯತೊಡಗಿದರು.

ಮಾಘ ಮಾಸದ ಒಂದು ಬೆಳಗ್ಗೆ ಪುಣಜನೂರಿನ ಶಾಲೆಗೆ ಹೋಗುವ ದಾರಿಯಲ್ಲಿ ಬೃಂದಾ ಮಂಡಿಯ ಮುಂದೆ ಜೀಪು ನಿಲ್ಲಿಸಲು ಹೇಳಿದಳು. ಅರಿಶಿನದ ರಾಶಿಗಳ ನಡುವೆ ಗಾಳಿಯೇ ಹಳದಿಯಾಗಿತ್ತು. ಮೂಟೆಯೊಂದರ ಮೇಲೆ ಪುಟ್ಟಮಲ್ಲಪ್ಪ ಕೂತಿದ್ದರು. ಸುತ್ತ ಐದಾರು ಜನ, ಕೈಯಲ್ಲಿ ಟೀ ಲೋಟ.

"ಅಲ್ಲ ಪುಟ್ಟಮಲ್ಲಪ್ನೋರೆ," ಎನ್ನುತ್ತಿದ್ದ ಮಂಡಿಯಲ್ಲಿ ತೂಕ ಹಾಕುವ ಆಳು ಸೋಮಣ್ಣ, "ಚಂದ್ರ ನಮ್ಮನ್ನ ಬುಟ್ಟು ದೂರ ದೂರ ಓಯ್ತಾವ್ನಂತೆ, ದಿಟವಾ?"

"ದಿಟ. ವರ್ಸಕ್ಕೆ ಎರಡು ಬೆರಳಗಲ."

"ಯಾಕ್ ಓದಾನು?"

ಪುಟ್ಟಮಲ್ಲಪ್ಪ ಗಡ್ಡ ಕೆರೆದುಕೊಂಡರು. "ಅದ ನಾನು ಕೇಳ್ನಿಲ್ಲ ಕಣ್ಲಾ. ಗುಂಡ್ಲುಪೇಟೆ ಉಡುಗಿ ಬಂದಾಗ ಕೇಳನ."

"ಬಂದಿದ್ದೀನಿ ತಾತ," ಎಂದಳು ಬೃಂದಾ.

ಅವರ ಮುಖ ಅವಳ ಕಡೆ ತಿರುಗಿ ಅರಳಿತು. ಜನ ಸರಿದು ಒಂದು ಮೂಟೆ ಖಾಲಿ ಮಾಡಿಕೊಟ್ಟರು. ಕಡಲ ನೀರು, ಉಬ್ಬರ, ಭೂಮಿಯ ತಿರುಗಾಟ ಎಂದು ಉತ್ತರ ಬಾಯಿಗೆ ಬಂದಿತ್ತು. ಅವಳು ಅದನ್ನು ತಡೆದು, ಸೋಮಣ್ಣನ ಕಡೆ ನೋಡಿ, "ನಿಮಗೆ ಏನನ್ನಿಸುತ್ತೆ ಸೋಮಣ್ಣ, ಯಾಕೆ ಹೋಗ್ತಿರಬಹುದು?" ಎಂದು ಕೇಳಿದಳು.

ಸೋಮಣ್ಣ ಟೀ ಲೋಟವನ್ನು ತಕ್ಕಡಿಯ ತಟ್ಟೆಯ ಮೇಲಿಟ್ಟು ಯೋಚಿಸಿದ. ಇಷ್ಟು ವರ್ಷದಲ್ಲಿ ಚಂದ್ರನ ಬಗ್ಗೆ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಹೊರಗೆ ಶಿವಮಲ್ಲು ಹಾರ್ನ್ ಹೊಡೆದ. ಪುಣಜನೂರಿನ ಮಕ್ಕಳು ಕಾಯುತ್ತಿದ್ದಾರೆ, ಕಾಡಿನ ದಾರಿ, ಆನೆ ಅಡ್ಡ ಬಂದರೆ ಇನ್ನಷ್ಟು ತಡ. ಬೃಂದಾ ಕೈಸನ್ನೆ ಮಾಡಿ ಅವನಿಗೆ ತಾಳು ಎಂದಳು.

"ಅವ್ನಿಗೂ ದಾರಿ ನೋಡ್ಬೇಕು ಅಂತ ಇರ್ಬೋದು ಕಣಮ್ಮಿ," ಎಂದ ಸೋಮಣ್ಣ ಕೊನೆಗೆ. "ಆದ್ರೆ ಒಂದೇ ಸಲ ಬುಟ್ಟೋಗಾಕೆ ಮನ್ಸು ಬರಾಕಿಲ್ಲ. ಅದ್ಕೆ ಎರಡೇ ಬೆರಳು."

ಯಾರೂ ನಗಲಿಲ್ಲ. ಬೃಂದಾ ಮೂಟೆಯ ಮೇಲೆ ಕಾಲು ಮಡಿಸಿ ಕೂತು, ಕಡಲಿನಿಂದ ಶುರುಮಾಡಿದಳು.